ಅಪ್ಪನ ಕಣ್ಣು

ಲೈವ್ ತೋರಿಸುವಾಗ ದೃಷ್ಟಿ ತಾಗುತ್ತದೋ ಇಲ್ಲವೋ, ಇದನ್ನು ನಾನು ಯಾರನ್ನು ಕೇಳಲಿ? ಮಠದ ಆಚಾರ್ಯರನ್ನು ಕೇಳಿದರೆ ನಗುತ್ತಾರೆ. ಟಾಕೀಜಿನವರನ್ನು ಕೇಳಿದರೆ ಹುಚ್ಚಿ ಅನ್ನುತ್ತಾರೆ. ಹಾಗಾಗಿ ನಾನೇ ಒಗ್ಗರಣೆ ಹಾಕುತ್ತ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದೆ. ಸಿನಿಮಾಕ್ಕೆ ತಾಗುವುದಿಲ್ಲ, ಯಾಕೆಂದರೆ ಅದು ಆಗಿಹೋದದ್ದು. ನೀವು ಎಷ್ಟೇ ಕಣ್ಣು ಕಿಸಿದು ನೋಡಿದರೂ ನಾಯಕಿ ಎಡವುವುದಿಲ್ಲ. ಲೈವ್ ಹಾಗಲ್ಲ. ಅಲ್ಲಿ ಅದು ಈಗ, ಈ ಗಳಿಗೆಯಲ್ಲಿ ಆಗುತ್ತಿರುತ್ತದೆ. ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವಾಗ ನಮ್ಮ ಕಾಲನಿಯ ಗಂಡಸರು ಕೂತ ಜಾಗ ಬಿಟ್ಟು ಏಳುವುದಿಲ್ಲ, ಎದ್ದರೆ ವಿಕೆಟ್ ಹೋಗುತ್ತದೆಯಂತೆ. ಅಷ್ಟು ಓದಿದವರು ಅದನ್ನು ನಂಬಬಹುದಾದರೆ ನಾನು ಇದನ್ನು ನಂಬಬಾರದೇ?

ಅದಕ್ಕೇ ಆ ಮಾರ್ಚ್ ತಿಂಗಳ ಶುರುವಿಗೆ ನಮ್ಮ ಯಜಮಾನರಿಗೆ ಫೋನ್ ಮಾಡಿ ಹೇಳಿಬಿಟ್ಟೆ.

"ಈ ಐತವಾರ ನಾಶಿಕಕ್ಕ ಬರಬ್ಯಾಡ್ರಿ."

"ಯಾಕ?"

"ಯಾಕಂತ ಕೇಳ್ತೀರಲ್ಲ! ಅವತ್ತ ರಂಜನಿ ಲೈವ್ ಅದ. ಇಲ್ಲೇ ಟಾಕೀಜಿನ್ಯಾಗ ತೋರಸ್ತಾರ. ನೀವ್ ನೋಡೂ ಹಂಗಿಲ್ಲ."

"ಆತು ಬಿಡು," ಅಂದರು. "ನಾ ಇಲ್ಲೇ ಇರ್ತೀನಿ. ಅರಿವಿ ಒಗಿಯೂದೂ ಬಾಳ ಅದ."

ಯಜಮಾನರ ಹೆಸರು ರಘೋತ್ತಮ. ಬಾಯಿಂದ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ವಿಜಾಪುರದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದು ಆಗ ಇಪ್ಪತ್ತೆರಡು ವರ್ಷವಾಗಿತ್ತು. ಮನೆ ನಾಶಿಕದಲ್ಲೇ ನಿಂತಿತು, ಅವರನ್ನು ಮಾತ್ರ ಬ್ಯಾಂಕು ಎತ್ತಿ ಎತ್ತಿ ಬೇರೆ ಕಡೆ ಇಡುತ್ತಿತ್ತು. ಮೊದಲು ಸಟಾಣಾ, ಆಮೇಲೆ ಪಿಂಪಳಗಾಂವ್ ಬಸವಂತ್, ಕೊನೆಯ ಎರಡು ವರ್ಷದಿಂದ ಔರಂಗಾಬಾದಿನ ಹತ್ತಿರದ ಗಂಗಾಪುರ. ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ. ನಾನು ಹೇಳುತ್ತಿರುವ 2014ರಲ್ಲಿ ಇನ್ನೂ ಬಸ್ಸಿನ ಬೋರ್ಡಿನ ಮೇಲೆ ಹಳೇ ಹೆಸರೇ ಇತ್ತು. ಶನಿವಾರ ಅರ್ಧ ದಿನ ಬ್ಯಾಂಕು ಮುಗಿಸಿ ನಾಶಿಕಕ್ಕೆ ಬರುವುದು, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು. ಒಂದು ವಾರವೂ ತಪ್ಪಿಸಿದವರಲ್ಲ. ಅಂಥವರಿಗೆ ಬರಬೇಡಿ ಅಂದಾಗ ಅಷ್ಟು ಸಲೀಸಾಗಿ ಒಪ್ಪಿದರಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ರಂಜನಿ ನಮ್ಮ ಒಬ್ಬಳೇ ಮಗಳು. ಜರ್ಮನಿಯ ಒಂದು ಸಣ್ಣ ಊರಿನ ಆಪೆರಾ ಮಂಡಳಿಯಲ್ಲಿ ಹಾಡುತ್ತಾಳೆ. ಆಪೆರಾ ಅಂದರೇನು ಎಂದು ನಮ್ಮ ಕಡೆಯವರು ಕೇಳಿದರೆ ನಾನು ಹೇಳುವುದು ಇಷ್ಟೇ: ನಮ್ಮ ಕಂಪನಿ ನಾಟಕ ಇದ್ದ ಹಾಗೆ, ಆದರೆ ಮಾತೇ ಇಲ್ಲ, "ನೀರು ಕೊಡು" ಅನ್ನುವುದನ್ನೂ ಹಾಡಿಯೇ ಹೇಳುತ್ತಾರೆ. ಮೈಕೂ ಇಲ್ಲ. ಸಾವಿರ ಜನಕ್ಕೆ ಬರಿಗಂಟಲಲ್ಲಿ ಕೇಳಿಸಬೇಕು. ಆ ಗಂಟಲಿಗೇ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಪೆಟ್ಟು ಬಿತ್ತು. ಒಳಗೆ ಸಣ್ಣ ಗಂಟು ಬೆಳೆದಿದೆ, ಎರಡು ತಿಂಗಳು ಪಿಟ್ ಅನ್ನಬೇಡ ಅಂದರು ಡಾಕ್ಟರು. ಆ ಎರಡು ತಿಂಗಳು ಕಂಪ್ಯೂಟರಿನಲ್ಲಿ ನಾನು ಇಲ್ಲಿಂದ ಬಡಬಡಿಸುವುದು, ಅವಳು ಅಲ್ಲಿಂದ ಹಾಳೆಯ ಮೇಲೆ ಬರೆದು ತೋರಿಸುವುದು. "ಹ್ಞೂಂ" ಅಂತ ಕೂಡ ಬರೆದೇ ತೋರಿಸುತ್ತಿದ್ದಳು, ನನ್ನ ಕೂಸು.

ಗಂಟು ಹೋಯಿತು. ಆದರೆ ಹೊಸ ನಾಟಕದ ಎರಡನೇ ಅಂಕದಲ್ಲಿ ಅವಳಿಗೆ ನಾಲ್ಕು ನಿಮಿಷದ ಒಂದು ಹಾಡು ಸಿಕ್ಕಿತು, ಒಬ್ಬಳೇ ನಿಂತು ಹಾಡುವಂಥದು. ಅದರ ಕೊನೆಯಲ್ಲಿ ಒಂದು ಎತ್ತರದ ಸ್ವರ. ತಾಲೀಮಿನಲ್ಲಿ ಆ ಸ್ವರ ಎರಡು ಸಲ ಒಡೆದಿತ್ತು.

"ಅಮ್ಮ, ಅವತ್ತೂ ಒಡೀತಂದ್ರ ಮುಂದಿನ ವರ್ಷ ನನ್ನ ಇಟಗೋಳೂದಿಲ್ಲ. ಡೈರೆಕ್ಟರ್ ಬಾಯಿಬಿಟ್ಟss ಹೇಳ್ಯಾರ," ಅಂದಳು. "ಅದರಾಗ ಅವತ್ತss ಲೈವ್ ಬ್ಯಾರೆ. ಈ ನೌಕರಿ ಮಾತು ಅಪ್ಪಗ ಹೇಳಬ್ಯಾಡ."

ಜರ್ಮನಿಯಲ್ಲಿ ಏಳು ವರ್ಷದ ಪಾಡು, ನಾಲ್ಕು ನಿಮಿಷದ ಹಾಡು.

ಅಪ್ಪನ ಕಣ್ಣಿನ ವಿಷಯಕ್ಕೆ ಬರುತ್ತೇನೆ. ರಂಜನಿಗೆ ಏಳು ವರ್ಷವಿದ್ದಾಗ ಕಾಲನಿಯ ಗಣಪತಿ ಮಂಟಪದಲ್ಲಿ ಹಾಡಿನ ಸ್ಪರ್ಧೆ. ಇವರು ಬ್ಯಾಂಕಿನಿಂದ ಸೀದಾ ಬಂದು ಮೊದಲನೇ ಸಾಲಿನಲ್ಲಿ ಕೂತರು. ದಾಸರ ಪದವನ್ನು ಏನು ಚಂದ ಎತ್ತಿಕೊಂಡಳು ಅಂತೀರಿ! ಎರಡನೇ ಚರಣಕ್ಕೆ ಬಂದಾಗ ಅಪ್ಪನ ಕಡೆ ನೋಡಿದಳು, ಅಷ್ಟೇ, ಬಾಯಿ ಕಟ್ಟಿತು. ಮೈಕಿನ ಮುಂದೆ ಸುಮ್ಮನೆ ನಿಂತಳು. ಹತ್ತು ವರ್ಷವಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗ್. ಇವರು ನಾಲ್ಕನೇ ಸಾಲಿನಲ್ಲಿದ್ದರು. ಅದೇ ಕಥೆ. ಹದಿಮೂರರಲ್ಲಿ, ಶರಣಪುರ ರಸ್ತೆಯ ಪಿಯಾನೋ ಟೀಚರ ಹತ್ತಿರ ಈ ಹೊರದೇಶದ ಹಾಡು ಕಲಿಯಲು ಶುರುಮಾಡಿದ ಮೇಲೆ, ಚರ್ಚಿನ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಹಾಡಿದಳು. ಇವರು ದೂರ, ಬಾಗಿಲ ಹತ್ತಿರ ಕಂಬಕ್ಕೆ ಒರಗಿ ನಿಂತಿದ್ದರು. ಅಷ್ಟು ಜನರ ನಡುವೆಯೂ ಹುಡುಗಿ ಹುಡುಕಿ ಅಪ್ಪನನ್ನು ನೋಡಿದಳು. ದನಿ ನಡುಗಿ ನಿಂತುಹೋಯಿತು.

ಮೂರೂ ಸಲ ಮನೆಗೆ ಬಂದಾಗ ಇವರ ಕಣ್ಣು ಕೆಂಪಗಿದ್ದವು. ಕೇಳಿದರೆ ಧೂಳು ಅನ್ನುತ್ತಿದ್ದರು. ಚರ್ಚಿನಲ್ಲಿ ಎಲ್ಲಿಯ ಧೂಳು? ಅಷ್ಟು ಕೆಂಪು ಕಣ್ಣು ತಾಗದೇ ಇರುತ್ತದೆಯೇ? ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಮಗಳಿಗೆ ನಿವಾಳಿಸಿ ಬೆಂಕಿಗೆ ಹಾಕಿದೆ. ಒಂದು ಚೂರೂ ಘಾಟು ಏಳಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ಗಟ್ಟಿಯಾಗೇ ತಾಗಿದೆ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು.

"ನಿಮ್ಮ ನೆದರss ಆಗೂದ್ರಿ ಕೂಸಿಗೆ," ಅಂದೆ. "ಹಡದವರ ಕಣ್ಣ ಬಾಳ ಕೆಟ್ಟದ್ದು. ಇನ್ನ ಮ್ಯಾಲೆ ಆಕಿ ಹಾಡೂ ಕಡೆ ನೀವ್ ಬರಬ್ಯಾಡ್ರಿ."

ಅವರು ಚಷ್ಮಾ ತೆಗೆದು ಒರೆಸಿಕೊಂಡರು. "ಆತು," ಅಂದರು. ಕೊತ್ತಂಬರಿ ಸಿವುಡಿಗೆ ಅರ್ಧ ತಾಸು ಜಗಳಾಡುವ ಮನುಷ್ಯ, ಇದಕ್ಕೆ ಒಂದು ಮಾತೂ ಎದುರಾಡಲಿಲ್ಲ.

ಅಲ್ಲಿಂದ ಮುಂದೆ ಹನ್ನೆರಡು ವರ್ಷ ಅವರು ಮಗಳ ಹಾಡನ್ನು ಎದುರು ಕೂತು ಕೇಳಲಿಲ್ಲ. ಅವಳು ಇಲ್ಲಿದ್ದಷ್ಟು ದಿನ ಎಲ್ಲಾ ಕಡೆಗೂ ಸ್ಕೂಟರ್ ಮೇಲೆ ಕರೆದುಕೊಂಡು ಹೋಗುವರು. ಒಳಗೆ ಕಾರ್ಯಕ್ರಮ ಮುಗಿಯುವವರೆಗೆ ಹೊರಗೆ ಸ್ಕೂಟರ್ ಮೇಲೇ ಕೂತಿರುವರು. ಮನೆಯಲ್ಲಿ ಅವಳು ಅಭ್ಯಾಸ ಮಾಡುವಾಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಒಂದು ಸಲ ರಂಜನಿ ಕೇಳಿದ್ದಳು, "ಅಮ್ಮ, ಅಪ್ಪಗ ನನ್ನ ಹಾಡು ಸೇರೂದಿಲ್ಲೇನು?" ಅಂತ. "ಸೇರದೇ ಏನವಾ, ಬ್ಯಾಂಕಿನ ಕೆಲಸ ತಲೀತುಂಬ," ಅಂದೆ. ದೃಷ್ಟಿಯ ಮಾತು ಹೇಳಿದರೆ ಹುಡುಗಿ ಇನ್ನೂ ಹೆದರುತ್ತಾಳೆ ಅಂತ ಮುಚ್ಚಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಕೇಳಲಿಲ್ಲವಲ್ಲ ಅನ್ನುವುದು ನನಗೆ ಈಗಲೂ ಕುಟುಕುತ್ತದೆ.

ಆ ವರ್ಷ ಯಾವುದೋ ಕಂಪನಿ ಸಣ್ಣ ಊರುಗಳಲ್ಲೂ ಪರದೆಯ ಮೇಲೆ ಲೈವ್ ಆಪೆರಾ ನಡೆಯುತ್ತದೋ ನೋಡೋಣ ಎಂದು ನಾಶಿಕದಲ್ಲೊಂದು, ಔರಂಗಾಬಾದಿನಲ್ಲೊಂದು ಟಾಕೀಜು ಹಿಡಿದಿತ್ತು. ಜರ್ಮನಿಯಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾದರೆ ನಮಗೆ ಸಂಜೆ ಏಳೂವರೆ. ನನ್ನ ತಮ್ಮನ ಮಗಳು ರುಚಿತಾ ಮೊಬೈಲಿನಲ್ಲೇ ಎರಡು ಟಿಕೆಟ್ ತೆಗೆದಳು. ನಾಶಿಕದಲ್ಲೇ ಹುಟ್ಟಿ ಬೆಳೆದ ಹುಡುಗಿ, ಕಾಲೇಜಿನಲ್ಲಿದ್ದಾಳೆ. ಕನ್ನಡ ಎಲ್ಲಾ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಮರಾಠಿಗೆ ಇಳಿಯುತ್ತಾಳೆ.

ಐತವಾರ ಟಾಕೀಜಿನ ಬಾಗಿಲಲ್ಲೇ ನನ್ನ ಚೀಲ ತಡೆದರು. ಅದರೊಳಗೆ ಪುಡಿಕೆ ಕಟ್ಟಿದ ಉಪ್ಪು, ಮೆಣಸಿನಕಾಯಿ, ಸಾಸಿವೆ ಇತ್ತು. ಹಾಡಿಗೆ ಮೊದಲು ಪರದೆಯ ಕಡೆ ಒಮ್ಮೆ ನಿವಾಳಿಸಿಬಿಡೋಣ ಎಂದು ನನ್ನ ಲೆಕ್ಕ.

"ಮಾವ್ಶಿ, ಬಾಹೇರಚಂ ಖಾಣಂ ಆತ ಚಾಲತ ನಾಹಿ," ಅಂದ ವಾಚ್‌ಮನ್. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ.

"ಏ ಮಾರಾಯ, ಇದನ್ನ ಯಾರರೆ ತಿಂತಾರೇನು? ಉಪ್ಪು, ಮೆಣಸಿನಕಾಯಿ!"

ಅವನಿಗೆ ತಿಳಿಯಲಿಲ್ಲ. ರುಚಿತಾ ನಾಚಿಕೆಯಿಂದ ನನ್ನ ಸೆರಗು ಹಿಡಿದು ಎಳೆದಳು. ಪುಡಿಕೆ ಅಲ್ಲೇ ಮೇಜಿನ ಮೇಲೆ, ಯಾರದೋ ಶೇಂಗಾ ಪೊಟ್ಟಣದ ಪಕ್ಕ ಉಳಿಯಿತು. ಅಪಶಕುನ ಇಲ್ಲಿಂದಲೇ ಶುರುವಾಯಿತು ಅನ್ನಿಸಿತು.

ಒಳಗೆ ಇಪ್ಪತ್ತೈದು ಜನ ಇದ್ದರೆ ಹೆಚ್ಚು. ಶರಣಪುರ ರಸ್ತೆಯ ಟೀಚರು ತಮ್ಮ ಹಳೇ ವಿದ್ಯಾರ್ಥಿಗಳ ಜೊತೆ ಬಂದಿದ್ದರು. ವೈನ್ ಕಂಪನಿಯವರು, ದ್ರಾಕ್ಷಿ ತೋಟದ ಒಂದಿಬ್ಬರು ಸಾಹುಕಾರರು, ಬೇರೆ ಸಿನಿಮಾ ಎಂದು ತಿಳಿದು ಬಂದ ಗಂಡಹೆಂಡತಿ ಒಂದು ಜೋಡಿ. ಪರದೆಯ ಮೇಲೆ ಜರ್ಮನಿಯ ಆ ಥೇಟರು ಕಾಣುತ್ತಿತ್ತು: ಜನ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಾರೆ, ಒಬ್ಬ ಮುದುಕ ಕೆಮ್ಮುತ್ತಿದ್ದಾನೆ, ಕೆಳಗಿನ ಗುಂಡಿಯಲ್ಲಿ ವಾದ್ಯದವರು ಶ್ರುತಿ ಮಾಡಿಕೊಳ್ಳುತ್ತಿದ್ದಾರೆ. ಒಂದು ಮೂಲೆಯಲ್ಲಿ ಗಡಿಯಾರ ಹಿಂದೆ ಹಿಂದೆ ಓಡುತ್ತಿತ್ತು. ಆರು ನಿಮಿಷ. ಐದು ನಿಮಿಷ. ಆ ಪರದೆಯ ಹಿಂದೆ ಎಲ್ಲೋ ನನ್ನ ಮಗಳು ಬಿಸಿನೀರು ಕುಡಿಯುತ್ತ ನಿಂತಿದ್ದಾಳೆ, ಈಗಲೇ ನಿಂತಿದ್ದಾಳೆ ಎಂದು ಮತ್ತೆ ಮತ್ತೆ ನೆನೆಸಿಕೊಂಡೆ.

"ಅತ್ಯಾ, ಟೆನ್ಶನ್ ನಕೋ ಘೇಊ ನಾ," ಅಂದಳು ರುಚಿತಾ, ಚಿಂತೆ ಬೇಡ ಅಂತ. "ದೀದಿ ಮಸ್ತ್ ಹಾಡ್ತಾಳ."

"ಸುಮ್ನಿರss. ಮಸ್ತ್ ಅನಬ್ಯಾಡ. ನಿನ್ನ ಬಾಯಿ ಬ್ಯಾರೆ ತಾಗೀತು."

ಮೊದಲನೇ ಅಂಕದಲ್ಲಿ ರಂಜನಿ ಗುಂಪಿನಲ್ಲಿ ಒಬ್ಬಳು. ಒಂದು ಧರ್ಮಶಾಲೆಯಂಥ ಮನೆ, ಮದುವೆಯ ಸಡಗರ, ಹತ್ತಾರು ಜನ ಸೇವಕಿಯರು. ಬೂದು ಬಣ್ಣದ ಲಂಗ, ತಲೆಗೆ ಬಿಳಿ ಬಟ್ಟೆ. ಇಳಿದುಹೋಗಿದ್ದಳು. ಕ್ಯಾಮರಾ ಅವಳ ಕಡೆ ಬಂದಾಗ ನಾನು ಬರಿ ಮುಷ್ಟಿಯನ್ನೇ ಕತ್ತಲೆಯಲ್ಲಿ ಮೂರು ಸಲ ಸುತ್ತಿಸಿದೆ. ಮುಷ್ಟಿಯಲ್ಲಿ ಉಪ್ಪಿಲ್ಲ, ಮೆಣಸಿನಕಾಯಿಯಿಲ್ಲ, ಇದು ದೇವರಿಗೆ ಮುಟ್ಟುತ್ತದೋ ಇಲ್ಲವೋ. ಒಂದೇ ಸಮಾಧಾನ ಎಂದರೆ ಇವರು ಗಂಗಾಪುರದಲ್ಲಿ ಅರಿವೆ ಒಗೆಯುತ್ತಿದ್ದಾರೆ, ನೋಡುತ್ತಿಲ್ಲ.

ಇಂಟರ್‌ವಲ್ಲಿನಲ್ಲಿ ಗುಡುಗು ಕೇಳಿತು. ಮಾರ್ಚಿನಲ್ಲಿ ಗುಡುಗೇ! ದ್ರಾಕ್ಷಿ ತೋಟದವರ ಫೋನುಗಳು ಒಂದರ ಹಿಂದೆ ಒಂದು ಬಡಿದುಕೊಂಡವು. "ಪಿಂಪಳಗಾಂವ್‌ಲಾ ಗಾರಾ ಪಡ್ಲ್ಯಾ," ಅಂದರು ಒಬ್ಬರು, ಆಲಿಕಲ್ಲು ಬಿದ್ದಿದೆ ಅಂತ. ಅವರ ಮುಖ ನೋಡಲಾಗಲಿಲ್ಲ. ಕೊಯ್ಲಿಗೆ ಬಂದ ಹಣ್ಣು. ಇಬ್ಬರೂ ಎದ್ದು ಓಡಿದರು. ನಾನು ಅವರಿಗಾಗಿ ಮರುಗಬೇಕಿತ್ತು. ಆ ಹೊತ್ತಿನಲ್ಲಿ ನನಗೆ ನನ್ನ ಮಗಳ ಗಂಟಲು ಬಿಟ್ಟು ಬೇರೇನೂ ಹೊಳೆಯಲಿಲ್ಲ, ದೇವರು ಕ್ಷಮಿಸಲಿ.

ಎರಡನೇ ಅಂಕ ಶುರುವಾಯಿತು. ರಂಜನಿ ನನಗೆ ಎಲ್ಲಾ ಬಿಡಿಸಿ ಹೇಳಿದ್ದಳು: ಮೊದಲು ಗಂಡಸರು ಕುಡಿದು ಹಾಡುತ್ತಾರೆ, ಮದುಮಗನ ಜಗಳವಾಗುತ್ತದೆ, ಎಲ್ಲರೂ ಹೊರಟುಹೋಗುತ್ತಾರೆ. ರಂಗ ಖಾಲಿ. ಆಗ ಗಂಟೆ ಮೂರು ಸಲ ಬಾರಿಸುತ್ತದೆ. ಮೂರನೆಯದು ಮುಗಿದ ಮೇಲೆ ಅವಳು ಕೊಡ ಹೊತ್ತು ಬರುತ್ತಾಳೆ, ಹಾಡುತ್ತಾಳೆ. ನಾನು ಆ ಮೂರು ಗಂಟೆಯ ಸದ್ದಿಗಾಗಿ ಕಾದು ಕೂತಿದ್ದೆ. ಗಂಡಸರು ಕುಡಿದು ಹಾಡಿದರು. ಮದುಮಗ ಮೇಜು ಗುದ್ದಿದ. ಗುದ್ದಿದ ಕೈ ಮೇಜಿನ ಮೇಲೇ ನಿಂತಿತು. ಅವನ ಮುಖ ಚೌಕಚೌಕವಾಗಿ ಒಡೆಯಿತು. ಆಮೇಲೆ ಪರದೆ ಪೂರಾ ನೀಲಿ.

ಟಾಕೀಜಿನ ಮಾಳಿಗೆಯ ಮೇಲೆ ಆಲಿಕಲ್ಲು ಬೀಳುವ ಸದ್ದು ಮಾತ್ರ ಉಳಿಯಿತು.

ನಾನು ಎದ್ದು ಹೊರಗೆ ಓಡಿದೆ. ಟೈ ಕಟ್ಟಿದ ಮ್ಯಾನೇಜರ್ ಹುಡುಗ ಮೊದಲೇ ಕೈ ಮುಗಿದುಕೊಂಡು ನಿಂತಿದ್ದ. ಸಿಗ್ನಲ್ ಹೋಗಿದೆ, ಹತ್ತು ನಿಮಿಷ ತಡೆಯಿರಿ, ಬರದಿದ್ದರೆ ಮುಂದಿನ ಐತವಾರ ಇದನ್ನೇ ರೆಕಾರ್ಡ್ ಮಾಡಿದ್ದು ತೋರಿಸುತ್ತೇವೆ, ದುಡ್ಡು ಕೊಡಬೇಕಾಗಿಲ್ಲ ಎಂದು ಮರಾಠಿಯಲ್ಲಿ ಹೇಳಿದ.

"ಮುಂದಿನ ಐತವಾರ ತಗೊಂಡ ಏನ್ ಮಾಡ್ಲಿ? ಅಷ್ಟರಾಗ ಅದು ಆಗಿಹೋಗಿರ್ತದಪಾ!" ಅಂದೆ ಕನ್ನಡದಲ್ಲೇ. ಅವನಿಗೆ ಏನು ತಿಳಿಯಿತೋ, "ಹೋ ಮಾವ್ಶಿ, ಹೋ," ಅಂದ, ಹೌದು ಹೌದು ಅಂತ.

ಅಲ್ಲಿ ಗಂಟೆ ಬಾರಿಸಲಿದೆ. ಅಥವಾ ಬಾರಿಸಿಯೇ ಬಿಟ್ಟಿತೋ? ಈಗ ಅವಳು ಹಾಡುತ್ತಿದ್ದಾಳೋ? ಒಡೆಯಿತೋ? ಸಾವಿರ ಜನರ ಮುಂದೆ ಏಳು ವರ್ಷದವಳ ಹಾಗೆ ಬಾಯಿ ಕಟ್ಟಿ ನಿಂತಿದ್ದಾಳೋ? ರುಚಿತಾ ಮೊಬೈಲಿನಲ್ಲಿ ಏನೇನೋ ಒತ್ತುತ್ತಿದ್ದಳು, "ನೆಟ್ಟೂ ಇಲ್ಲ ಅತ್ಯಾ," ಅಂದಳು. ನನಗೆ ತಳಮಳವಾದಾಗ ಬೈಯಲು ಒಬ್ಬರು ಬೇಕು. ಮೂವತ್ತು ವರ್ಷದಿಂದ ಆ ಕೆಲಸಕ್ಕೆ ಇರುವವರು ಒಬ್ಬರೇ. ಫೋನ್ ಹಚ್ಚಿದೆ.

ತುಂಬ ಹೊತ್ತು ಬಡಿದುಕೊಂಡ ಮೇಲೆ ಎತ್ತಿದರು.

"ಏನ್ರಿ, ಎಲ್ಲಿ ಹಾಳಾಗಿದ್ರಿ? ಇಲ್ಲಿ ಸಿಗ್ನಲ್ ಹೋಗ್ಯದ. ಆಲಿಕಲ್ಲು ಬೀಳಲಿಕ್ಕ ಹತ್ತ್ಯಾವ. ಕೂಸಿನ ಹಾಡು ಬಂತೋ ಹೋತೋ ಒಂದೂ ಗೊತ್ತಿಲ್ಲ. ನಿಮಗ ಏನರೆ ಚಿಂತಿ ಅದ ಏನು, ಅರಾಮ ಅರಿವಿ ಒಕ್ಕೋತ ಕೂತೀರಿ!"

"ಗೋದಾ," ಅಂದರು. ಪಿಸುಮಾತು. ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ.

"ಏನು? ಜೋರ ಮಾತಾಡ್ರಿ."

ಆಗ ಫೋನಿನೊಳಗೆ, ಅವರ ದನಿಯ ಹಿಂದೆ, ದೂರದಲ್ಲಿ, ಗಂಟೆ ಬಾರಿಸಿತು.

ಗಂಗಾಪುರದ ಬಾಡಿಗೆ ಕೋಣೆಯಲ್ಲಿ ಯಾವ ಗಂಟೆ? ಎರಡನೇ ಸಲ ಬಾರಿಸಿತು.

"ನೀವ್... ಎಲ್ಲಿದ್ದೀರಿ?"

"ಔರಂಗಾಬಾದಿಗೆ ಬಂದೀನಿ," ಅಂದರು. "ಟಾಕೀಜಿನ್ಯಾಗ. ಕಡೀ ಸಾಲಿನ್ಯಾಗ."

ಮೂರನೇ ಗಂಟೆ.

ಎದ್ದು ಹೊರಗೆ ನಡೆಯಿರಿ ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ಯಾರು ಏನಾದರೂ ಅನ್ನಲಿ, ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಬರಬೇಡಿ ಅಂದಿದ್ದೆ. ನೋಡಬೇಡಿ ಅಂದಿದ್ದೆ. ಇವತ್ತು ಒಂದು ದಿನ, ಇದೊಂದು ದಿನ!

ಅಷ್ಟರಲ್ಲಿ ಅವರೇ ಗಡಬಡಿಸಿ ಅಂದರು, "ನಾ ಕಣ್ಣ ಮುಚ್ಚೇನಿ, ಗೋದಾ. ಪಡದೆ ಎದ್ದಾಗಿಂದ ಮುಚ್ಚೇನಿ. ನೀ ನೋಡಬ್ಯಾಡ ಅಂದಿದ್ದಿ. ಕೇಳಬ್ಯಾಡ ಅಂದಿಲ್ಲಲ್ಲ."

ಐನೂರು ರೂಪಾಯಿ ಕೊಟ್ಟು, ಗಂಗಾಪುರದಿಂದ ಬಸ್ಸು ಹಿಡಿದು ಹೋಗಿ, ಒಂದೂವರೆ ತಾಸಿನಿಂದ ಟಾಕೀಜಿನ ಕಡೇ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರುವ ಮನುಷ್ಯ. ಇಂಟರ್‌ವಲ್ಲಿನಲ್ಲಾದರೂ ತೆರೆದರೋ ಇಲ್ಲವೋ.

"ಫೋನ್ ಎತ್ತಿ ಹಿಡೀತೀನಿ, ಕೇಳು," ಅಂದರು.

ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಕೈ ಒತ್ತಿ ಹಿಡಿದು ಪಾಪ್‌ಕಾರ್ನ್ ಅಂಗಡಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತೆ. ರಂಜನಿಯ ದನಿ ಬಂತು. ಕೊಡದ ತಳದಿಂದ ಬಂದ ಹಾಗಿತ್ತು, ಆದರೆ ಅವಳದೇ. ಮೊದಮೊದಲು ಮೆಲ್ಲಗೆ, ಹುಷಾರಾಗಿ, ಒದ್ದೆ ನೆಲದ ಮೇಲೆ ಕಾಲಿಡುವವಳ ಹಾಗೆ. ಆ ಭಾಷೆ ನನಗೆ ಬರುವುದಿಲ್ಲ. ಉಸಿರು ಎಲ್ಲಿ ತೆಗೆದುಕೊಂಡಳು ಅನ್ನುವುದು ಮಾತ್ರ ಪ್ರತಿಯೊಂದೂ ಗೊತ್ತಾಗುತ್ತಿತ್ತು. ಹಾಡು ಒಂದು ಸಲ ಕೆಳಗಿಳಿದು, ಮತ್ತೆ ಮೇಲೇರಲು ಶುರುಮಾಡಿತು. ರುಚಿತಾ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

ನಡುವೆ ವಾದ್ಯಗಳು ಮಾತ್ರ ನುಡಿಯುವ ಜಾಗವೊಂದು ಬಂತು. ಅದಾದ ಮೇಲೆಯೇ ಕೊನೆಯ ಏರು, ಆ ಸ್ವರ. ಇವರು ಫೋನನ್ನು ಕಿವಿಗೆ ತಂದರು.

"ಕೇಳಸ್ತೇನು?"

"ಕೇಳಸ್ತದ," ಅಂದೆ. ಆಮೇಲೆ ಏನನ್ನಿಸಿತೋ, ಯಾವ ಧೈರ್ಯವೋ, ನನಗೇ ತಿಳಿಯಲಿಲ್ಲ. "ಕಣ್ಣ ತೆಗೀರಿ," ಅಂದೆ.

"ಏನು?"

"ಕಣ್ಣ ತೆಗೀರಿ ಅಂದೆ. ನೋಡ್ರಿ ಮಗಳನ್ನ. ನೋಡ್ರಿ!"

ಹನ್ನೆರಡು ವರ್ಷ ಕಾದಿಟ್ಟದ್ದನ್ನು ಈ ಹೊತ್ತಿನಲ್ಲಿ, ಈ ಸ್ವರಕ್ಕೆ ಮುಂಚೆ, ನಾನೇ ಬಿಟ್ಟುಕೊಟ್ಟೆನೇ? ವಾಪಸು ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಹಾಡು ಮತ್ತೆ ಶುರುವಾಗಿತ್ತು. ಮೇಲೆ ಹೋಯಿತು, ಇನ್ನೂ ಮೇಲೆ. ಮೊಬೈಲಿನ ಸಣ್ಣ ಸ್ಪೀಕರಿಗೆ ಅಷ್ಟು ಎತ್ತರ ಹಿಡಿಯಲಿಲ್ಲ. ಚರ್ ಎಂದು ಕಿರುಚಿ, ಬರೀ ಕರಕರ ಸದ್ದಾಯಿತು. ಆಮೇಲೆ ಏನೂ ಇಲ್ಲ.

"ಏನಾತು?" ಅಂದೆ. "ಏನಾತ್ರಿ? ಒಡೀತೇನು?"

ಫೋನನ್ನು ಕಿವಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡೆ.

"ಮಾತಾಡ್ರಿ! ಒಡೀತಲ್ಲ? ಹೇಳ್ರಿ, ಒಡೀತು, ಹೌದಲ್ಲ?"

ಮೂಗು ಏರಿಸಿದ ಸದ್ದು. ಬಿಕ್ಕಿದ ಸದ್ದು. ಒಬ್ಬ ಗಂಡಸಿನ ದನಿ ತಡೆದುಕೊಳ್ಳಲು ಹೋಗಿ ಆಗದೆ ಹೊರಬಿದ್ದ ಸದ್ದು. ನಾನೇ ಮಾಡಿದೆ, ನನ್ನ ಬಾಯಿಂದಲೇ ಮಾಡಿದೆ ಎಂದು ಗೋಡೆಗೆ ಹಣೆ ಹಚ್ಚಿದೆ.

ಅಷ್ಟರಲ್ಲಿ ಅದು ಕೇಳಿಸಿತು. ಮೊದಲು ಮಳೆ ಅಂದುಕೊಂಡೆ. ನಮ್ಮ ಕಡೆಯದಲ್ಲ, ಫೋನಿನೊಳಗಿನದು. ಚಪ್ಪಾಳೆ. ನಿಲ್ಲುತ್ತಲೇ ಇರಲಿಲ್ಲ. ಯಾರೋ ಆ ಭಾಷೆಯಲ್ಲಿ ಕೂಗುತ್ತಿದ್ದರು.

"ಒಡೀಲಿಲ್ಲ," ಅಂದರು ಅವರು, ಬಿಕ್ಕುಗಳ ನಡುವೆ. "ಒಡೀಲಿಲ್ಲ, ಗೋದಾ. ಕೊಡ ಕೆಳಗಿಟ್ಟು, ಹಿಂಗ ಮಾರಿ ಮ್ಯಾಲೆತ್ತಿ... ಎಷ್ಟ್ ಹೊತ್ತು ಹಿಡದ್ಲು ಅಂತಿ."

"ಮತ್ತ ಯಾಕ ಅಳತೀರಿ ಹಂಗ? ನನ್ನ ಜೀವ ಹೋಗಿತ್ತಲ್ಲ!"

"ನಾ ಹಿಂಗss," ಅಂದರು. "ಅವತ್ತೂ ಹಿಂಗss ಆಗಿತ್ತು."

"ಯಾವತ್ತು?"

"ಗಣಪತಿ ಮುಂದ. ಕೂಸು ಹಾಡಲಿಕ್ಕ ಹತ್ತಿದ ಕೂಡ್ಲೆ ನನಗ ಅಳು ಬಂತು. ಮೊದಲನೇ ಸಾಲಿನ್ಯಾಗ ಕೂತು ಅತ್ತೆ. ಆಕಿ ನೋಡಿದ್ಲು. ಅಪ್ಪ ಅಳಲಿಕ್ಕ ಹತ್ತ್ಯಾನ ಅಂತ ಗಾಬರಿಯಾಗಿ ಬಾಯಿ ಮುಚ್ಚಿದ್ಲು. ಸಾಲ್ಯಾಗೂ ಹಂಗss, ಚರ್ಚಿನ್ಯಾಗೂ ಹಂಗss. ನೀ ನೆದರು ಅಂದಿ. ಮಗಳ ಹಾಡಿಗೆ ಗೊಳೋ ಅಂತ ಅಳೂ ಬ್ಯಾಂಕ್ ಮ್ಯಾನೇಜರ್ ಅನಸ್ಕೊಳ್ಳೂದಕಿಂತ ಕೆಟ್ಟ ಕಣ್ಣಿನಾಂವ ಅನಸ್ಕೊಳ್ಳೂದು ಅಡ್ಡಿಯಿಲ್ಲ ಅನಿಸ್ತು. ಹೇಳಬೇಕಂತಿದ್ದೆ. ನಾಚಿಕಿ. ಆಮ್ಯಾಲೆ ಎಷ್ಟ್ ವರ್ಷ ನೀ ಅಂದಿ ಅಂದ್ರ, ನನಗೂ ಖರೇನೋ ಏನೋ ಅನಸಲಿಕ್ಕ ಹತ್ತಿತ್ತು."

ಕೆಂಪು ಕಣ್ಣು. ಧೂಳು. ಹೊರಗೆ ಸ್ಕೂಟರಿನ ಮೇಲೆ ಕೂತ ಸಂಜೆಗಳು. ಹಾಕಿಕೊಂಡ ಬಚ್ಚಲ ಬಾಗಿಲು. ಅಪ್ಪಗ ನನ್ನ ಹಾಡು ಸೇರೂದಿಲ್ಲೇನು ಎಂದು ಕೇಳಿ ಮತ್ತೆ ಕೇಳದೇ ಹೋದ ಹುಡುಗಿ. ಬೈಯಲು ಬಾಯಿ ತೆರೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಬೈಗುಳವೂ ನೆನಪಾಗಲಿಲ್ಲ. ಯಾರನ್ನು ಬೈಯುವುದು? ಅವರನ್ನೋ ನನ್ನನ್ನೋ? ಸೆರಗಿನಿಂದ ಮುಖ ಒರೆಸಿಕೊಂಡೆ.

"ಇನ್ನೂ ಅದಾಳೇನು?" ಅಂದೆ.

"ಹೂಂ. ನಿಂತಾಳ. ಚಪ್ಪಾಳಿ ನಿಂತಿಲ್ಲ. ಈ ಕಡೆನss ನೋಡ್ಲಿಕ್ಕ ಹತ್ತ್ಯಾಳ, ಸೀದಾ ನನ್ನ ಕಡೆ." ದನಿ ಮತ್ತೆ ಒಡೆಯಿತು. ಗಡಬಡಿಸಿ ಕರವಸ್ತ್ರ ಹುಡುಕುವುದು, ಮೂಗು ಒರೆಸಿಕೊಳ್ಳುವುದು, ಅಳುವನ್ನು ನುಂಗಲು ಹೋಗಿ ಕೆಮ್ಮುವುದು, ಎಲ್ಲಾ ಕೇಳಿಸಿತು.

"ತಡಕೋಬ್ಯಾಡ್ರಿ," ಅಂದೆ. "ಅಳ್ರಿ. ಎಷ್ಟ್ ಬೇಕೋ ಅಷ್ಟ್ ಅಳ್ರಿ. ಆಕಿಗೆ ಕಾಣೂದಿಲ್ಲ."